ಕಪಾಟಿನೊಳಗಿನ ಅಳು

ನಾನು ಒಂದು ಕ್ಯಾಸೆಟ್. ಅಂಗೈಯಗಲದ ಪ್ಲಾಸ್ಟಿಕ್ ಮೈ, ಒಳಗೆ ಎರಡು ಗಾಲಿ, ಅವಕ್ಕೆ ಸುತ್ತಿದ ಕಂದು ಬಣ್ಣದ ತೆಳ್ಳನೆಯ ಪಟ್ಟಿ. ಯಾವುದೋ ಕಾರ್ಖಾನೆಯಲ್ಲಿ ನನ್ನಂಥವು ಸಾವಿರಾರು ಒಂದೇ ದಿನ ಹುಟ್ಟಿದವು. ಯಾರ ಪಾಲಿಗೆ ಸಿನಿಮಾ ಹಾಡು, ಯಾರ ಪಾಲಿಗೆ ಪ್ರವಚನ ಎಂಬುದು ಕೊಳ್ಳುವವರ ಕೈಯಲ್ಲಿತ್ತು. ನನ್ನ ಪಾಲಿಗೆ ಬಂದದ್ದು ಒಬ್ಬ ಮುದುಕಿಯ ಅಳು.

ನನ್ನನ್ನು ಕೊಂಡವಳು ಓರ್ಲಾ ಎಂಬ ಐರ್ಲೆಂಡಿನ ತರುಣಿ. ತನ್ನ ನಾಡಿನ ಜನಪದ ಹಾಡುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ದೋಣಿ ಹತ್ತಿ ಪಡುಗಡಲಿನ ಒಂದು ಸಣ್ಣ ದ್ವೀಪಕ್ಕೆ ನನ್ನನ್ನು ಒಯ್ದಳು. ಅಲ್ಲಿ ಬ್ರೀಡ್ ಎಂಬ ಮುದುಕಿ ಒಲೆಯ ಮುಂದೆ ಕೂತು, ಸತ್ತವರ ಮುಂದೆ ಹೆಂಗಸರು ಹಾಡುತ್ತ ಅಳುವ ಹಳೆಯ ಹಾಡೊಂದನ್ನು ಐರಿಷ್ ಭಾಷೆಯಲ್ಲಿ ಎತ್ತಿಕೊಂಡಳು. ಹಾಡಾಗಿ ಶುರುವಾದದ್ದು ನಡುವೆ ನಿಜವಾದ ಅಳುವೇ ಆಯಿತು. ಕಡಲಿಗೆ ಹೋಗಿ ಮರಳದ ಮಗನ ಹೆಸರು ಅದರಲ್ಲಿ ಬಂತು. ಓರ್ಲಾ ಧ್ವನಿಮುದ್ರಣದ ಯಂತ್ರ ನಿಲ್ಲಿಸಲು ಕೈ ಚಾಚಿದಳು. ಮುದುಕಿ ಬೇಡವೆಂದು ತಲೆಯಾಡಿಸಿ ಅಳು ಮುಂದುವರಿಸಿದಳು.

ಕೆಲವು ವರ್ಷಗಳ ಮೇಲೆ ಓರ್ಲಾ ಒಂದು ವಿಚಾರಸಂಕಿರಣಕ್ಕೆಂದು ಧಾರವಾಡಕ್ಕೆ ಬಂದಳು. ಅಲ್ಲಿನ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಐರಿಷ್ ಅಧ್ಯಯನ ಕೇಂದ್ರವಿತ್ತು. ನಾಲ್ಕೈದು ಪ್ರಾಧ್ಯಾಪಕರು, ಹತ್ತಾರು ವಿದ್ಯಾರ್ಥಿಗಳು ಸೇರಿ ಅಲ್ಲಿ ಐರಿಷ್ ಕವಿತೆ, ನಾಟಕ ಓದುತ್ತಿದ್ದರು. ಚಹಾ, ಮಿರ್ಚಿಭಜಿಯ ಮುಂದೆ ವಾದ ಮಾಡುತ್ತಿದ್ದರು. ಆ ದೇಶದ ಬಾವುಟದಲ್ಲೂ ನಮ್ಮ ಬಾವುಟದ ಬಣ್ಣಗಳೇ ಇವೆ ಎಂದು ಹೊಸಬರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಓರ್ಲಾ ನನ್ನನ್ನು ಕೇಂದ್ರದ ನಿರ್ದೇಶಕರಾದ ಪ್ರೊಫೆಸರ್ ಶಿವಪುತ್ರ ಇನಾಮತಿಯವರ ಕೈಗಿಟ್ಟು, ಇದನ್ನು ಎಲ್ಲರೂ ಕೇಳಲಿ ಎಂದಳು. ಅವರು ನನ್ನನ್ನು ಹಣೆಗೆ ಮುಟ್ಟಿಸಿಕೊಂಡು, ಸಭಾಂಗಣದ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಅವರ ಜೇಬಿನಲ್ಲಿ ಉಳಿಯಿತು.

ಆಮೇಲಿನ ವರ್ಷಗಳಲ್ಲಿ ನಾನು ಕಂಡದ್ದೆಲ್ಲ ಗಾಜಿನ ಮೂಲಕವೇ. ಜನ ಬಂದು ಬಗ್ಗಿ ನೋಡುತ್ತಿದ್ದರು, ನನ್ನ ಮೇಲಿನ ಚೀಟಿ ಓದುತ್ತಿದ್ದರು, ಹೋಗುತ್ತಿದ್ದರು. ಕೇಳಬೇಕೆಂದವರಿಗೆ ಇನಾಮತಿಯವರು, ಪದೇ ಪದೇ ಹಾಕಿದರೆ ಪಟ್ಟಿ ಸವೆಯುತ್ತದೆ ಎನ್ನುತ್ತಿದ್ದರು. ದನಿಯಿದ್ದೂ ಬಾಯಿ ಕಟ್ಟಿಸಿಕೊಂಡು ಕೂತವರ ಸಂಕಟ ಎಂಥದೆಂದು ನನಗೆ ಆಗ ತಿಳಿಯಿತು.

ನನ್ನನ್ನು ಹೊರಗೆ ತೆಗೆದು ಕೇಳಿದವಳು ಇಂದುಮತಿ ಹೂಗಾರ ಒಬ್ಬಳೇ. ರೋಣದ ಕಡೆಯ ಹಳ್ಳಿಯವಳು, ಇನಾಮತಿಯವರ ಕೈಕೆಳಗೆ ಐರಿಷ್ ನಾಟಕದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಮಾಡುತ್ತಿದ್ದಳು ಎನ್ನುವುದಕ್ಕಿಂತ ಅವರ ಪುಸ್ತಕಗಳ ಕರಡು ತಿದ್ದುತ್ತಿದ್ದಳು, ಅವರ ಅತಿಥಿಗಳನ್ನು ಸ್ಟೇಷನ್ನಿನಿಂದ ಕರೆತರುತ್ತಿದ್ದಳು ಎನ್ನಬೇಕು. ಅವಳ ಪ್ರಬಂಧ ಮುಗಿದು ಅವರ ಸಹಿಗಾಗಿ ಕಾಯುತ್ತಿತ್ತು. ಆ ಸಹಿ ಇಲ್ಲದೆ ಕಾಲೇಜಿನ ತಾತ್ಕಾಲಿಕ ನೌಕರಿ ಕಾಯಂ ಆಗುವಂತಿರಲಿಲ್ಲ. ಊರಲ್ಲಿ ಅವ್ವ ಮತ್ತು ಓದುವ ತಂಗಿ ಅವಳ ದುಡಿಮೆಯನ್ನೇ ನಂಬಿದ್ದರು.

ಒಂದು ಮಧ್ಯಾಹ್ನ ಇನಾಮತಿಯವರು ಕಪಾಟು ಒರೆಸಲು ಹೇಳಿ ಬೀಗದ ಕೈ ಕೊಟ್ಟುಹೋದರು. ಅವಳು ನನ್ನನ್ನು ಯಂತ್ರಕ್ಕೆ ಹಾಕಿದಳು. ಬ್ರೀಡಳ ದನಿ ಎದ್ದು, ಎಳೆದು, ಉಸಿರು ಕಟ್ಟಿ ಕೆಳಗಿಳಿಯಿತು. ಇಂದುಮತಿಗೆ ಅದರ ಒಂದು ಪದವೂ ಅರ್ಥವಾಗಲಿಲ್ಲ. ಆದರೂ ಕೈಯಲ್ಲಿದ್ದ ಅರಿವೆ ಕೆಳಗಿಟ್ಟು ಕುರ್ಚಿಯ ಮೇಲೆ ಕೂತು ಕೊನೆಯವರೆಗೆ ಕೇಳಿದಳು. ಅವಳಪ್ಪ ತೀರಿಕೊಂಡ ದಿನ ಅವಳ ಅವ್ವ ಹೀಗೆಯೇ ಹಾಡ್ಯಾಡಿ ಅತ್ತಿದ್ದಳು. ಅಪ್ಪನ ರುಮಾಲು, ಅವನು ಸಾಕಿದ ಎತ್ತು, ಅವನು ಕೊಡಿಸುವೆನೆಂದು ಕೊಡಿಸದೆ ಹೋದ ಇಳಕಲ್ ಸೀರೆ ಎಲ್ಲವೂ ಆ ಅಳುವಿನಲ್ಲಿ ಬಂದಿದ್ದವು. ಆ ವಾರವೇ ಅವಳು ಎರಡು ಅಳುಗಳನ್ನೂ ಜೊತೆಗಿಟ್ಟು ಒಂದು ಲೇಖನ ಬರೆದಳು. ಇನಾಮತಿಯವರು ಅದನ್ನು ಕೊನೆಯವರೆಗೆ ಓದಿದರು.

"ಚೊಲೋ ಬರದೀ. ಇಲ್ಲೇ ಇಟ್ಟು ಹೋಗು, ನೋಡ್ತೀನಿ," ಅಂದರು.

ಮರುವರ್ಷ ಕೇಂದ್ರದ ದೊಡ್ಡ ಸಮ್ಮೇಳನ ನಡೆಯಿತು. ಓರ್ಲಾ ಮತ್ತೆ ಬಂದಿದ್ದಳು. ನನ್ನನ್ನು ನುಡಿಸುವ ಕೆಲಸ ಇಂದುಮತಿಯದು. ಇನಾಮತಿಯವರು ವೇದಿಕೆಗೆ ಹೋಗಿ ಓದತೊಡಗಿದಾಗ, ಗುಂಡಿಯ ಮೇಲಿದ್ದ ಅವಳ ಬೆರಳು ತಣ್ಣಗಾದದ್ದು ನನಗೆ ಯಂತ್ರದೊಳಗಿಂದಲೇ ತಿಳಿಯಿತು. ಅವರು ಓದುತ್ತಿದ್ದದ್ದು ಅವಳ ಲೇಖನವನ್ನೇ. ರುಮಾಲು, ಎತ್ತು, ಇಳಕಲ್ ಸೀರೆ, ಎಲ್ಲ ಇತ್ತು. ಅವಳ ಹೆಸರು ಮಾತ್ರ ಇರಲಿಲ್ಲ. ಅವರು ಸನ್ನೆ ಮಾಡಿದಾಗ ಅವಳು ಗುಂಡಿ ಒತ್ತಿದಳು. ನಾನು ಹಾಡಿದೆ. ಹಾಡದೆ ಇರುವುದು ನನ್ನ ಕೈಯಲ್ಲಿರಲಿಲ್ಲ.

ಓದು ಮುಗಿದ ಮೇಲೆ ಓರ್ಲಾ ಎದ್ದು, ಆ ಕನ್ನಡದ ಅಳು ಯಾರ ಬಾಯಿಂದ ಬಂದದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕ್ಷೇತ್ರಕಾರ್ಯದಲ್ಲಿ ಸಿಕ್ಕದ್ದು, ಹೆಸರು ಗೊತ್ತಿಲ್ಲ ಎಂದರು ಇನಾಮತಿಯವರು.

ಇಂದುಮತಿ ಎದ್ದು ನಿಂತಳು. ಆ ಇಂಗ್ಲಿಷ್ ಸಭೆಯಲ್ಲಿ ಅವಳ ಬಾಯಿಂದ ಕನ್ನಡವೇ ಬಂತು. "ಅದು ನಮ್ಮವ್ವ ಅತ್ತದ್ದರಿ. ನಮ್ಮಪ್ಪ ತೀರಿಕೊಂಡ ದಿನ. ಬರದದ್ದು ನಾನು."

ಅಧ್ಯಕ್ಷರು ಗಡಿಬಿಡಿಯಲ್ಲಿ ಚಹಾ ವಿರಾಮ ಘೋಷಿಸಿದರು. ಎಲ್ಲರೂ ಹೊರಗೆ ಹೋದ ಮೇಲೆ ಇನಾಮತಿಯವರು ಯಂತ್ರದಿಂದ ನನ್ನನ್ನು ತೆಗೆದು, ಮೇಜಿನ ಮೇಲೆ ಮೆಲ್ಲಗೆ ಕುಟ್ಟುತ್ತ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಿನ್ನ ಥೀಸಿಸ್ ನನ್ನ ಟೇಬಲ್ ಮ್ಯಾಲೆ ಐತಿ, ಇಂದುಮತಿ. ನಾ ಸಹಿ ಮಾಡ್ಲಿಲ್ಲಂದ್ರ ಐರಿಷ್ ಸಾಹಿತ್ಯಕ್ಕ ಇಲ್ಲಿ ಬ್ಯಾರೆ ಗೈಡ್ ಯಾರದಾರ, ನೀನ ಹೇಳು. ನಾಳೆ ಸಮಾರೋಪದಾಗ ಎರಡು ಮಾತು ಆಡು. ಮುಗದು ಹೋಗ್ತದ."

ಮರುದಿನ ನಾನು ಕಪಾಟಿನಲ್ಲಿದ್ದೆ. ಗಾಜಿನಾಚೆ ಅವಳು ಮೈಕಿನ ಮುಂದೆ ಬಂದು ನಿಂತಳು. ಲೇಖನ ಸರ್ ಅವರ ಮಾರ್ಗದರ್ಶನದಲ್ಲೇ ಆದದ್ದು, ನಿನ್ನೆ ತಾನು ದುಡುಕಿದೆ ಎಂದಳು. ಜನ ಚಪ್ಪಾಳೆ ತಟ್ಟಿದರು. ಹಿಂದಿನ ದಿನದ ಕನ್ನಡದ ಮಾತಿನ ಅರ್ಥವನ್ನು ಯಾರಿಂದಲೋ ತಿಳಿದುಕೊಂಡಿದ್ದ ಓರ್ಲಾ ಬಾಗಿಲ ಬಳಿ ಅವಳನ್ನು ತಡೆದು ನಿಜ ಹೇಳೆಂದು ಕೇಳಿಕೊಂಡಳು. ಇಂದುಮತಿ ತಲೆ ಎತ್ತದೆ, ಹೇಳಿದ್ದೇ ನಿಜ ಎಂದು ದಾಟಿಹೋದಳು.

ಸಹಿ ಸಿಕ್ಕಿತು, ಪದವಿ ಬಂತು, ನರಗುಂದದ ಕಾಲೇಜಿನಲ್ಲಿ ಕಾಯಂ ನೌಕರಿಯೂ ಆಯಿತು. ಅವಳು ಅಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುತ್ತಾಳೆಂದು ಬಂದವರು ಮಾತಾಡಿಕೊಳ್ಳುತ್ತಿದ್ದರು. ಐರಿಷ್ ಸಾಹಿತ್ಯದ ಮೇಲೆ ಅವಳು ಮತ್ತೇನನ್ನೂ ಬರೆಯಲಿಲ್ಲ.

ಇನಾಮತಿಯವರು ತೀರಿಕೊಂಡರು. ಕೇಂದ್ರ ಬಡವಾಯಿತು. ಹೊಸ ನಿರ್ದೇಶಕ ಸಿದ್ಧಲಿಂಗ ಹೊಸಮನಿ ಒಳ್ಳೆಯ ಹುಡುಗ, ಆ ಸಮ್ಮೇಳನದ ಕತೆ ಕೇಳಿ ಬಲ್ಲವನು. ಕಳೆದ ವರ್ಷ ಮೌಖಿಕ ಪರೀಕ್ಷೆಯೊಂದಕ್ಕೆ ಪರೀಕ್ಷಕಿಯಾಗಿ ಇಂದುಮತಿಯನ್ನು ಕರೆಸಿದ. ಅವಳ ಕೂದಲು ಬೆಳ್ಳಗಾಗಿತ್ತು. ಅವಳು ಕಪಾಟಿನ ಮುಂದೆ ನಿಂತದ್ದನ್ನು ಕಂಡು ಅವನು ಬೀಗ ತೆಗೆದು ನನ್ನನ್ನು ಅವಳ ಕೈಗಿಟ್ಟ. "ಒಯ್ಯಿರಿ ಮೇಡಂ. ಇಲ್ಲಿ ಯಾರೂ ಕೇಳೂದಿಲ್ಲ. ಖರೇ ಅಂದ್ರ ಇದು ನಿಮಗ ಸೇರಬೇಕಾದದ್ದು."

ಅವಳ ಅಂಗೈ ಬೆಚ್ಚಗಿತ್ತು. ನನಗೆ ಆಸೆ ಹುಟ್ಟಿತು.

"ಅವ್ವ ಹೋದಾಗ ಹಾಡ್ಯಾಡಿ ಅಳು ಅಂತ ಎಲ್ಲಾರೂ ಅಂದ್ರು," ಅಂದಳು ಇಂದುಮತಿ. "ನನಗ ಬಾಯೇ ಬರಲಿಲ್ಲ. ಇದನ್ನ ಮನ್ಯಾಗ ಇಟ್ಕೊಂಡ್ರ ಕೇಳಬೇಕಾಗ್ತದ್ರಿ."

ನನ್ನನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಬಾಗಿಲು ಮುಚ್ಚಿ, ಬೀಗವನ್ನು ಅವಳೇ ಹಾಕಿದಳು.

ಈಗ ನನಗೆ ವಯಸ್ಸಾಗಿದೆ. ತೇವ ತಿಂದು ಪಟ್ಟಿ ಅಂಟಿಕೊಳ್ಳುತ್ತಿದೆ. ಬ್ರೀಡಳ ದನಿ ನನ್ನೊಳಗೆ ಇನ್ನೂ ಇದೆಯೋ ಅಳಿಸಿಹೋಗಿದೆಯೋ, ಯಾರಾದರೂ ಗುಂಡಿ ಒತ್ತುವವರೆಗೆ ನನಗೂ ತಿಳಿಯುವಂತಿಲ್ಲ. ಇಂದುಮತಿಯ ಮೇಲೆ ನನಗೆ ಮುನಿಸಿಲ್ಲ. ಬಾಗಿಲು ತೆರೆದಾಗ ಹೊರಗೆ ಹೋಗಲು ಬಲ ಬೇಕು. ಅದನ್ನು ಅವಳಿಂದ ಎಂದೋ ಕಸಿದುಕೊಂಡಿದ್ದರು.