ಏಣು ದಾಟಿದವರು ಯಾರೂ ಇಲ್ಲ

ಟಾಟ್ರಾ ಬೆಟ್ಟದ ನಮ್ಮ ತಂಗುಮನೆಗೆ ಹತ್ತಿ ಬರುವವರು ಕೆಳಗಿನ ರಾಶಿಯಿಂದ ಒಂದೊಂದು ಕೊರಡು ಸೌದೆ ಹೊತ್ತು ತರುತ್ತಾರೆ. ತಂದವರಿಗೆ ಟೀ ಪುಕ್ಕಟೆ. ಈ ಮನುಷ್ಯ ಕೈಬೀಸಿಕೊಂಡು ಬಂದ. ನನಗೆ ಅಲ್ಲಿಗೇ ಅನುಮಾನ ಬಂತು.

ಸ್ಕೀ ಬಿಚ್ಚುವ ಮೊದಲೇ ಕೇಳಿದ: "ಇವತ್ತು ಇಲ್ಲಿಂದ ಯಾರಾದ್ರೂ ಏಣು ದಾಟಿ ಪೋಲೆಂಡ್ ಕಡೆ ಹೋದ್ರಾ?"

ಬೆಟ್ಟದ ನೆತ್ತಿಯ ಆ ಏಣೇ ಎರಡು ದೇಶಗಳ ಗಡಿ; ಚಳಿಗಾಲದಲ್ಲಿ ಅದನ್ನು ದಾಟುವಂತಿಲ್ಲ. ನನ್ನ ತಮ್ಮ ವೆಂದೆಲ್ ಬೆಳಿಗ್ಗೆ ಏಳಕ್ಕೇ ದಾಟಿದ್ದ. ಆಚೆ ಬದಿಯ ತಂಗುಮನೆಯಲ್ಲಿ ಅಡುಗೆ ಮಾಡುವ ಹಾಲಿನಾ ಅವನ ತಲೆ ಕೆಡಿಸಿದ್ದಾಳೆ. ಹೋದ ವರ್ಷ ಒಮ್ಮೆ ನ್ಯಾಷನಲ್ ಪಾರ್ಕಿನ ಗಾರ್ಡುಗಳ ಕೈಗೆ ಸಿಕ್ಕಿಬಿದ್ದಿದ್ದ. ಇನ್ನೊಮ್ಮೆ ಸಿಕ್ಕರೆ ತಂಗುಮನೆಗೆ ಸಾಮಾನಿನ ಹೊರೆ ಹೊರುವ ಪರವಾನಗಿ ಹೋಗುತ್ತದೆ. ಅರವತ್ತು ಕಿಲೋ ಬೆನ್ನಿಗೇರಿಸಿ ಬೆಟ್ಟ ಹತ್ತುವುದು ಬಿಟ್ಟರೆ ಆ ಕತ್ತೆಗೆ ಬೇರೇನೂ ಬರುವುದಿಲ್ಲ. "ಹನ್ನೊಂದಕ್ಕೆಲ್ಲ ಬಂದ್ಬಿಡ್ತೀನಿ ಅಕ್ಕಾ, ಬಾಯಿ ಬಿಡ್ಬೇಡ" ಎಂದು ಹೇಳಿ ಹೋಗಿದ್ದ.

"ಯಾರೂ ಹೋಗಿಲ್ಲ," ಅಂದೆ.

"ಖಂಡಿತ ತಾನೆ? ಗೋಡೆಗೆ ಹೊರೆ ಹೊರೋ ಚೌಕಟ್ಟು ಒರಗಿಸಿದೆ. ಹೊರೋನು ಎಲ್ಲಿ?"

ಮಾಮೂಲಿ ಬಟ್ಟೆ ತೊಟ್ಟು ಬಂದ ಗಾರ್ಡನ್ನು ಬಿಟ್ಟರೆ ಇದನ್ನೆಲ್ಲ ಯಾರು ಗಮನಿಸುತ್ತಾರೆ? ಪ್ಲಮ್ ಸಾರಾಯಿ ಕೊಡಹೋದರೆ ಬೇಡವೆಂದ. ಡ್ಯೂಟಿಯ ಮೇಲಿರುವವರೇ ಹಾಗೆ.

"ಮಹಡಿ ಮೇಲೆ ಬಿದ್ಕೊಂಡಿದಾನೆ. ಎಬ್ಬಿಸ್ಲಾ? ಬೈಸ್ಕೊಳ್ಳೋದು ಮಾತ್ರ ನೀವೇ."

"ಬೇಡ ಬಿಡಿ. ಎಲ್ರೂ ಮನೇಲಿದ್ರೆ ಸಾಕು," ಎಂದು ಬೆಂಚಿನ ಮೇಲೆ ಕುಸಿದು ಕೂತ.

ಗಾರ್ಡನ್ನೇ ಮಂಗ ಮಾಡಿದೆನೆಂದು ನನಗೆ ಒಳಗೊಳಗೇ ಖುಷಿ. ಸೌದೆ ತರದಿದ್ದರೂ ಟೀ ಕೊಟ್ಟೆ. ಗಟಗಟ ಕುಡಿದ. ಇನ್ನೊಂದು ಲೋಟ ಬಗ್ಗಿಸಿದೆ, ಅದನ್ನೂ ಕುಡಿದ. ಆಮೇಲೆ ಫೋನ್ ತೆಗೆದು ಪೋಲಿಷ್‌ನಲ್ಲಿ ಮಾತಾಡಿದ. ನಮಗೆ ಆ ಭಾಷೆ ಅರ್ಥವಾಗುತ್ತದೆ.

"ಆಗ್ಲೇ ಏಣಿನ ಕೆಳಗೆ ಹಿಮ ಕುಸೀತು ಅಂತ ಫೋನ್ ಮಾಡಿದ್ನಲ್ಲ, ಅವನೇ ನಾನು. ಮಂಜಲ್ಲಿ ಕೆಳಗೆ ಜನ ಇದ್ರೋ ಇಲ್ವೋ ಕಾಣ್ಲಿಲ್ಲ, ಅದಕ್ಕೆ ಸೀದಾ ಇಲ್ಲಿಗೆ ಇಳಿದು ಬಂದು ವಿಚಾರಿಸ್ದೆ. ಯಾರೂ ಹೋಗಿಲ್ವಂತೆ. ಹುಡುಕೋಕೆ ಕಳ್ಸಿರೋ ನಾಯಿಗಳನ್ನ ವಾಪಸ್ ಕರೆಸ್ಕೊಳ್ಳಿ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹತ್ತು.

"ಕರೆಸ್ಬೇಡಿ," ಅಂದೆ. "ನನ್ ತಮ್ಮ ಅಲ್ಲಿದಾನೆ."

ಅವನು ಬೈಯಲಿಲ್ಲ. "ಯಾವ ಕಡೆಯಿಂದ ಇಳೀತಾನೆ?" ಎಂದಷ್ಟೇ ಕೇಳಿದ.

"ಎಡಗಡೆ. ದೊಡ್ಡ ಬಂಡೆ ಕೆಳಗೆ."

ಅದನ್ನೇ ಫೋನಿನಲ್ಲಿ ಕೂಗಿ ಹೇಳುತ್ತ ಹೊರಗೋಡಿದ. ಹಿಮದಡಿ ಸಿಕ್ಕಿದವನಿಗೆ ಕಾಲು ಗಂಟೆ ಉಸಿರು ಉಳಿದರೆ ಹೆಚ್ಚು. ಅಷ್ಟರಲ್ಲಿ ನಾನು ಈ ಮನುಷ್ಯನನ್ನು ಕೂರಿಸಿಕೊಂಡು ಎರಡು ಲೋಟ ಟೀ ಕುಡಿಸಿದ್ದೆ.