ಸೀಮೆಸುಣ್ಣದ ಪಾದಗಳು

ಜೂನ್ ತಿಂಗಳು ಹಿಡಿದ ಕೂಡಲೇ ಕುಕ್ಕುಂದೂರಿನ ವಿಠಲ ಸಾಲ್ಯಾನ್ ಗಡ್ಡ ಬೋಳಿಸುವುದನ್ನು ನಿಲ್ಲಿಸುತ್ತಿದ್ದ. ಹರಕೆಯೂ ಅಲ್ಲ, ಸೋಮಾರಿತನವೂ ಅಲ್ಲ. ಅದು ಅವನ ಉದ್ಯೋಗದ ಸಮವಸ್ತ್ರ. ಮಣಿಪಾಲದ ಒಂದು ಕಲಾಶಾಲೆಯಲ್ಲಿ ಅವನು ಹನ್ನೊಂದು ವರ್ಷಗಳಿಂದ ಮಾಡೆಲ್. ಮಾಡೆಲ್ ಎಂದ ಕೂಡಲೇ ನಗಬೇಡಿ. ಮಕ್ಕಳು ನೋಡಿ ಚಿತ್ರ ಬಿಡಿಸಲಿಕ್ಕೆ ಎದುರಿಗೆ ಒಬ್ಬ ಮನುಷ್ಯ ಬೇಕು, ಅವನು ಅಲುಗಾಡದೆ ಸ್ಟೂಲಿನ ಮೇಲೆ ಕೂತಿರಬೇಕು. ಕೆಲಸ ಇಷ್ಟೇ. ಇಷ್ಟೇ ಎನ್ನುವವರು ಒಮ್ಮೆ ಅರ್ಧ ಗಂಟೆ ಮೂಗು ತುರಿಸಿಕೊಳ್ಳದೆ ಕೂತು ನೋಡಬೇಕು.

ಅದಕ್ಕೂ ಮೊದಲು ಇಪ್ಪತ್ತೆಂಟು ವರ್ಷ ಅವನು ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಜೋಡುರಸ್ತೆ, ಬೈಲೂರು, ಹಿರಿಯಡ್ಕ, ಪರ್ಕಳ ಎಂದು ಕೂಗಿ ಕೂಗಿ ಗಂಟಲು ಒರಟಾಗಿತ್ತು. "ದುಂಬು ಪೋಲೆ, ದುಂಬು ಪೋಲೆ" ಎಂದು ಅವನು ಮುಂದಕ್ಕೆ ತಳ್ಳಿದ ಜನರನ್ನು ಸಾಲಾಗಿ ನಿಲ್ಲಿಸಿದರೆ ಕಾಪು ಕಡಲತಡಿಯವರೆಗೂ ಮುಟ್ಟೀತು. ಆದರೆ ಕಂಡಕ್ಟರನ ಮುಖವನ್ನು ಯಾರು ನೋಡುತ್ತಾರೆ? ಎಲ್ಲರಿಗೂ ಕಾಣುವುದು ಚೀಟಿ ಹರಿಯುವ ಅವನ ಕೈ.

ಮೊದಲು ನೋಡಿದವರು ಆ ಕಲಾಶಾಲೆಯ ಕಾನ್ಸೆಪ್ಟಾ ಟೀಚರ್. ತಮ್ಮ ವಿದ್ಯಾರ್ಥಿಗಳಿಗೆ ಗೊಮ್ಮಟನನ್ನು ತೋರಿಸಲು ಕಾರ್ಕಳಕ್ಕೆ ಕರೆತಂದಿದ್ದ ಅವರು ಹಿಂದಿರುಗುವಾಗ ಇವನ ಬಸ್ಸು ಹತ್ತಿದರು. ಇಳಿಯುವ ಹೊತ್ತಿಗೆ, "ನಿಮ್ಮ ಮುಖ ನನಗೆ ಬೇಕಿತ್ತು" ಎಂದುಬಿಟ್ಟರು. ಇಡೀ ಬಸ್ಸು ಒಮ್ಮೆ ತಿರುಗಿ ನೋಡಿತು. ಕೆಲಸ ಬಿಡುವ ಯೋಚನೆಯಲ್ಲಿದ್ದ ವಿಠಲ ಮುಂದಿನ ಸೋಮವಾರ ತಲೆಗೆ ಬಣ್ಣ ಹಚ್ಚಿ, ನುಣ್ಣಗೆ ಗಡ್ಡ ತೆಗೆದು, ಮದುವೆಗೆ ಹೋಗುವ ಬಿಳಿ ಅಂಗಿ ತೊಟ್ಟು ಕಲಾಶಾಲೆಗೆ ಹಾಜರಾದ. ಸ್ಟುಡಿಯೋದಲ್ಲಿ ಫೋಟೋ ತೆಗೆಸುವ ಕೆಲಸ ಎಂದೇ ಅವನು ತಿಳಿದದ್ದು.

ಟೀಚರ್ ಹಣೆಗೆ ಕೈ ಹಚ್ಚಿಕೊಂಡರು. "ಎಂತ ಮಾಡಿದ್ದೀರಿ ವಿಠಲಣ್ಣ? ನಾನು ಬಸ್ಸಿನಲ್ಲಿ ನೋಡಿದ ಮನುಷ್ಯ ಎಲ್ಲಿ? ಒಂದು ವಾರ ಬಿಟ್ಟು ಗಡ್ಡದೊಟ್ಟಿಗೆ ಬನ್ನಿ."

ಹಾಗೆ ಶುರುವಾಯಿತು. ಮರದ ಕಪ್ಪು ವೇದಿಕೆ, ಅದರ ಮೇಲೆ ಸ್ಟೂಲು. ಅವನು ಕೂತ ಮೇಲೆ ಟೀಚರ್ ಬಗ್ಗಿ ಅವನ ಪಾದಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಚಹಾಕ್ಕೆ ಎದ್ದು ಬಂದವನು ಮತ್ತೆ ಅದೇ ಗೆರೆಯೊಳಗೆ ಕಾಲಿಟ್ಟರೆ ಭಂಗಿ ತಪ್ಪುವುದಿಲ್ಲ. ಒಂದು ಚಿತ್ರಕ್ಕೆ ಎರಡು ವಾರ. ಆ ಎರಡು ವಾರ ಅವನ ಕೂದಲು, ಗಡ್ಡ, ಅಂಗಿಯ ಗುಂಡಿ ಕೂಡ ಟೀಚರರ ಅಪ್ಪಣೆಯಿಲ್ಲದೆ ಬದಲಾಗುವಂತಿರಲಿಲ್ಲ.

ವರ್ಷದ ಮೊದಲ ತರಗತಿಯಲ್ಲಿ ಟೀಚರ್ ಚಿತ್ರಕಲೆಯ ಪರಿಚಯ ಹೇಳುತ್ತಿದ್ದರು. ಹನ್ನೊಂದು ಸಲ ಕೇಳಿದ ವಿಠಲನಿಗೆ ಅದು ಬಸ್ಸಿನ ಸ್ಟಾಪುಗಳಷ್ಟೇ ಬಾಯಿಪಾಠ. ಗುಹೆಯ ಗೋಡೆಯ ಮೇಲಿನ ಕಾಡೆಮ್ಮೆಯಿಂದ ಹೊರಟರೆ ಬಸದಿ, ಕ್ರೈಸ್ತರ ಇಗರ್ಜಿ, ಅರಮನೆ. ಸುಣ್ಣದ ಗೋಡೆಗೆ ಕೆಮ್ಮಣ್ಣು ಬಳಿದು, ಕೆರೆದು ಬಿಡಿಸುವ ನಮ್ಮ ಕರಾವಳಿಯ ಕಾವಿ ಚಿತ್ರದ ಹತ್ತಿರ ಐದು ನಿಮಿಷ ನಿಲುಗಡೆ. ಆಮೇಲೆ ಕ್ಯಾಮೆರಾ ಬಂತು. ಇದ್ದದ್ದನ್ನು ಇದ್ದ ಹಾಗೆ ಹಿಡಿಯುವ ಕೆಲಸ ಯಂತ್ರದ ಪಾಲಾಯಿತು. ಚಿತ್ರಗಾರರು ಬಯಲಿಗೆ ಬಂದು ಬೆಳಕನ್ನು ಹಿಡಿಯಲು ಹೊರಟರು. ಮತ್ತೆ ಕೆಲವರು ಹೂಜಿಯನ್ನು ಒಡೆದು ಅದರ ನಾಲ್ಕೂ ಬದಿಯನ್ನು ಒಟ್ಟಿಗೆ ತೋರಿಸಿದರು. ಕೊನೆಗೆ ಬರೀ ಬಣ್ಣ, ಬರೀ ಗೆರೆ. "ಕೈಗೆ ಬಾರದೆ ಹಾಗೆ ಮಾಡಿದ್ದಲ್ಲ ಮಕ್ಕಳೇ," ಎನ್ನುತ್ತಿದ್ದರು ಟೀಚರ್. "ಕಾಲ ಬದಲಾದ ಹಾಗೆ ನೋಡುವ ಕಣ್ಣು ಬದಲಾಯಿತು. ಆದರೆ ಯಾವ ಶೈಲಿಯೇ ಆಗಲಿ, ಮೊದಲು ನೋಡಬೇಕು. ನೋಡದೆ ಎಂತದೂ ಇಲ್ಲ."

ಮಕ್ಕಳೂ ಅದೇ ದಾರಿ ಹಿಡಿಯುತ್ತಿದ್ದರು. ಮೊದಲ ವರ್ಷ ಅವನ ಮೂಗಿನ ಮೇಲಿನ ಸಿಡುಬಿನ ಕಲೆಯನ್ನೂ ಬಿಡದೆ ಬಿಡಿಸುವವರು, ಮೂರನೆಯ ವರ್ಷಕ್ಕೆ ಎರಡೂ ಕಿವಿಯನ್ನು ಒಂದೇ ಬದಿಗೆ ಅಂಟಿಸುತ್ತಿದ್ದರು. ಒಬ್ಬ ಅವನಿಗೆ ಅಡಿಯಿಂದ ಮುಡಿಯವರೆಗೆ ನೀಲಿ ಬಳಿದಿದ್ದ. ಅದರ ಫೋಟೋವನ್ನು ಹೆಂಡತಿ ಚಂಪಾಳಿಗೆ ತೋರಿಸಿದಾಗ ಅವಳು ತುಂಬಾ ಹೊತ್ತು ನೋಡಿ, "ಇದು ನೀವೇ. ಸಾರಿಗೆ ಉಪ್ಪು ಕಡಿಮೆಯಾದ ದಿನ ಹೀಗೇ ಇರುತ್ತೀರಿ" ಎಂದಿದ್ದಳು.

ಆ ಚಂಪಾ ಏಳು ವರ್ಷದ ಹಿಂದೆ ತೀರಿಹೋದಳು. ಮಕ್ಕಳಿರಲಿಲ್ಲ. ಹದಿನೇಳನೆಯ ದಿನ ವಿಠಲ ಸಾವಿನ ಸುದ್ದಿ ಯಾರಿಗೂ ಹೇಳದೆ ಬಂದು, ಸೀಮೆಸುಣ್ಣದ ಗೆರೆಯೊಳಗೆ ಕಾಲಿಟ್ಟು ಕೂತ. ಜ್ವರ ಇತ್ತು ಎಂದಷ್ಟೇ ಹೇಳಿದ್ದ. ಒಬ್ಬ ಹುಡುಗಿ ಬಿಡಿಸಿ, ಅಳಿಸಿ, ಮತ್ತೆ ಬಿಡಿಸಿ, "ಟೀಚರ್, ನನಗೆ ಬರುವುದೇ ಇಲ್ಲ" ಎಂದು ಅಳುವ ಹಾಗಾದಳು. ಕಾನ್ಸೆಪ್ಟಾ ಟೀಚರ್ ಪೆನ್ಸಿಲನ್ನು ಕೈಯುದ್ದಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಅವನ ಮುಖವನ್ನು ಅಳೆದರು. ಹಣೆಯಿಂದ ಮೂಗು, ಮೂಗಿನಿಂದ ಗಲ್ಲ. ಆಮೇಲೆ ಹುಡುಗಿಗೆ ಮೆಲ್ಲಗೆ ಹೇಳಿದರು: "ನೀನು ಬಿಡಿಸಿದ್ದು ಸರಿ ಉಂಟು ಮಗಾ. ಅವರೇ ಬದಲಾಗಿದ್ದಾರೆ."

ಆ ದಿನದಿಂದ ವಿಠಲನಿಗೆ ಆ ಸ್ಟೂಲು ಸಂಬಳದ ಜಾಗವಾಗಿ ಉಳಿಯಲಿಲ್ಲ. ಇಪ್ಪತ್ತು ಜೋಡಿ ಕಣ್ಣು ಅವನನ್ನೇ ನೋಡುವ ಜಾಗ ಅದು. ಮನೆಯಲ್ಲಿ ಗೋಡೆ, ಪೇಟೆಯಲ್ಲಿ ಮೊಬೈಲು ನೋಡುವ ಜನ. ಅವನ ಮುಖ ಇನ್ನೂ ಮುಖವಾಗಿ ಉಳಿದದ್ದು ಅಲ್ಲಿ ಮಾತ್ರ.

ಹನ್ನೊಂದನೆಯ ವರ್ಷದ ಮಾರ್ಚಿನಲ್ಲಿ ಟೀಚರ್ ನಿವೃತ್ತರಾಗಿ ಸಂತೆಕಟ್ಟೆಯ ಮನೆಗೆ ಹೋದರು. ಜೂನ್ ಬಂತು. ವಿಠಲ ಗಡ್ಡ ಬಿಟ್ಟ. ಪ್ರತಿ ವರ್ಷ ಎರಡನೆಯ ವಾರ ಬರುತ್ತಿದ್ದ ಫೋನು ಈ ಸಲ ಬರಲಿಲ್ಲ. ಮೂರನೆಯ ವಾರವೂ ಇಲ್ಲ. ಮೊಬೈಲು ಕೆಟ್ಟಿದೆಯೋ ಎಂದು ಪಕ್ಕದ ಮನೆಯವರಿಂದ ಒಮ್ಮೆ ಕರೆ ಮಾಡಿಸಿ ನೋಡಿದ. ಅದು ಗಟ್ಟಿಯಾಗಿ ಹೊಡೆದುಕೊಂಡಿತು.

ಜುಲೈಯಲ್ಲಿ ತಾನೇ ಮಣಿಪಾಲಕ್ಕೆ ಹೋದ. ಹೊಸ ಮೇಷ್ಟ್ರು ಡೆನ್ವರ್ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು, ಚಹಾ ತರಿಸಿ, ಮಾತಿಗೆ ಅಷ್ಟು ಮರ್ಯಾದೆ ಕೊಟ್ಟರು. ಅಷ್ಟು ಮರ್ಯಾದೆ ಕಂಡಾಗಲೇ ವಿಠಲನಿಗೆ ವಿಷಯ ಅರ್ಥವಾಯಿತು.

"ಈಗ ಸಿಲೆಬಸ್ ಬದಲಾಗಿದೆ ಅಂಕಲ್. ಮಕ್ಕಳು ವಿಡಿಯೋ ಮಾಡ್ತಾರೆ, ವಸ್ತುಗಳನ್ನು ಜೋಡಿಸಿ ಕೆಲಸ ಮಾಡ್ತಾರೆ. ಎದುರು ಕೂರಿಸಿ ಬಿಡಿಸುವುದು ಈಗ ಇಲ್ಲ."

"ಶೈಲಿ ಬದಲಾಗುವುದು ಉಂಟು ಸರ್," ಎಂದ ವಿಠಲ. "ಟೀಚರ್ ಹೇಳುತ್ತಿದ್ದರು."

"ಬೇಕಾದರೆ ಖಂಡಿತ ಫೋನ್ ಮಾಡ್ತೇನೆ."

ಬೇಕಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬಸ್ಸಿಳಿದ ವಿಠಲ ಜೋಡುರಸ್ತೆಯ ಕ್ಷೌರದಂಗಡಿಗೆ ಹೋಗಿ ಗಡ್ಡ ತೆಗೆಸಿದ. ಆಮೇಲೆ ದಿನಾ ಬೋಳಿಸಿದ. ಬಿಡುವುದಕ್ಕೆ ಕಾರಣ ಇರಲಿಲ್ಲ.

ಡಿಸೆಂಬರಿನಲ್ಲಿ, ನಂಬುವುದು ಬಿಟ್ಟ ಮೇಲೆ, ಫೋನು ಬಂತು. ಡೆನ್ವರ್ ಸರ್ ಅಲ್ಲ. ಕಾಪುವಿನ ಹಫೀಝಾ, ಕೊನೆಯ ವರ್ಷದ ವಿದ್ಯಾರ್ಥಿನಿ. ಮೊದಲ ವರ್ಷದಲ್ಲಿ ಅವನ ಸಿಡುಬಿನ ಕಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದವಳು.

"ಅಂಕಲ್, ನನ್ನ ಕೊನೆಯ ಪ್ರಾಜೆಕ್ಟ್ ನಿಮ್ಮ ಬಗ್ಗೆ ಮಾಡಬೇಕೂಂತ ಉಂಟು. ಎರಡು ದಿನ ಬೆಳಿಗ್ಗೆ ಬಂದು ಕೂರ್ತೀರಾ?"

ಕೂರುತ್ತೀರಾ ಎಂದು ಕೇಳುವುದೆ? ಬೆಕ್ಕಿಗೆ ಮೀನು ತಿನ್ನುತ್ತೀಯಾ ಎಂದು ಕೇಳಿದ ಹಾಗಾಯಿತು. ಅವನು ಹೋದ. ಖಾಲಿ ತರಗತಿ, ಅದೇ ವೇದಿಕೆ, ಅದೇ ಸ್ಟೂಲು. ಹಫೀಝಾಳ ಕೈಯಲ್ಲಿ ಪೆನ್ಸಿಲ್ ಇರಲಿಲ್ಲ. ಮೊಬೈಲನ್ನು ಅವನ ಕಾಲಬುಡದಲ್ಲಿ ಇಟ್ಟು, "ಸುಮ್ಮನೆ ಕೂತುಕೊಳ್ಳಿ, ನಿಮ್ಮ ಉಸಿರು ರೆಕಾರ್ಡ್ ಆಗಲಿ" ಎಂದಳು. ಆಮೇಲೆ ವೇದಿಕೆಯ ಮೇಲೆ ಮಂಡಿಯೂರಿ, ಯಾವ ವರ್ಷ ಹೇಗೆ ಕೂತಿದ್ದಿರಿ ಎಂದು ಕೇಳಿ ಕೇಳಿ, ಪಾದಗಳ ಸುತ್ತ ಗೆರೆ ಎಳೆದಳು. ಹನ್ನೊಂದು ಜೋಡಿ. ಎರಡೂ ದಿನ ಅವಳು ಅವನ ಕಾಲನ್ನೇ ನೋಡಿದ್ದು ವಿಠಲನಿಗೆ ತುಸು ವಿಚಿತ್ರವೆನಿಸಿತು. ಮುಖವನ್ನು ಮನೆಯಲ್ಲಿ ನೆನಪಿನಿಂದ ಬಿಡಿಸುತ್ತಾಳೆ, ಜಾಣ ಹುಡುಗಿ, ಎಂದು ಸಮಾಧಾನ ಮಾಡಿಕೊಂಡ.

ಫೆಬ್ರವರಿಯ ಪ್ರದರ್ಶನಕ್ಕೆ ಕರೆಯೋಲೆ ಬಂತು. ವಿಠಲ ಅದನ್ನು ಪಕ್ಕದ ಮನೆಯವರಿಗೆ ತೋರಿಸಿದ, ಕ್ಷೌರದಂಗಡಿಯಲ್ಲಿ ತೋರಿಸಿದ, ಬಸ್ಸಿನಲ್ಲಿ ಹೊಸ ಕಂಡಕ್ಟರನಿಗೂ ತೋರಿಸಿದ. "ನನ್ನ ಚಿತ್ರ ಉಂಟಂತೆ ಮಾರಾಯ. ದೊಡ್ಡದು." ಕಂಡಕ್ಟರ್ ಅವನ ಕೈಯಲ್ಲಿದ್ದ ಚಿಲ್ಲರೆಯನ್ನು ನೋಡಿ, "ಮಣಿಪಾಲ ಒಂದಾ?" ಎಂದ.

ಸಭಾಂಗಣದ ನಡುವೆ ಜನ ಸುತ್ತುಗಟ್ಟಿ ನಿಂತಿದ್ದರು. ಬಿಳಿ ಅಂಗಿ ತೊಟ್ಟು, ನುಣ್ಣಗೆ ಗಡ್ಡ ತೆಗೆದು ಬಂದ ವಿಠಲ ಅವರ ಭುಜಗಳ ನಡುವಿನಿಂದ ಇಣುಕಿದ. ಕಪ್ಪು ವೇದಿಕೆ ಇತ್ತು. ಸ್ಟೂಲು ಇತ್ತು. ಅದರ ಎದುರು ಸೀಮೆಸುಣ್ಣದ ಹನ್ನೊಂದು ಜೋಡಿ ಪಾದ. ಎಲ್ಲಿಂದಲೋ ಅವನದೇ ಉಸಿರು ಗಟ್ಟಿಯಾಗಿ ಕೇಳಿಸುತ್ತಿತ್ತು. ಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ ಒಂದು ಫಲಕ: ಮುಟ್ಟಬಾರದು. ಅವನು ಗೋಡೆಗಳನ್ನೆಲ್ಲ ಒಂದು ಸುತ್ತು ನೋಡಿ ಬಂದ. ಅವನ ಮುಖ ಎಲ್ಲೂ ಇರಲಿಲ್ಲ.

ಹಫೀಝಾ ಓಡಿ ಬಂದಳು. ಅವಳ ಕಣ್ಣು ಸಂತೋಷದಿಂದ ಹೊಳೆಯುತ್ತಿತ್ತು. ಅತಿಥಿಯೊಬ್ಬರಿಗೆ, "ಇವರೇ ಸರ್ ಆ ಅಂಕಲ್" ಎಂದು ಪರಿಚಯಿಸಿದಳು. ಅವರು ವಿಠಲನ ಕೈ ಕುಲುಕಿ, "ಓ, ಒಳ್ಳೆಯದು" ಎಂದು ಮತ್ತೆ ಸ್ಟೂಲಿನ ಕಡೆಗೇ ತಿರುಗಿದರು.

"ಹೇಗುಂಟು ಅಂಕಲ್?" ಎಂದು ಹಫೀಝಾ ಕೇಳಿದಳು.

ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ, ಅವಳನ್ನು ನೋಯಿಸಲೂ ಆಗಲಿಲ್ಲ. "ನಮ್ಮ ಮನೆಯ ಹಾಗೆಯೇ ಉಂಟು ಮಗಾ," ಎಂದ.

ಅವಳು ಅದನ್ನು ಹೊಗಳಿಕೆ ಎಂದೇ ತಿಳಿದು ನಕ್ಕಳು. ಅಷ್ಟರಲ್ಲಿ ಯಾರೋ ಕರೆದರು, ಹೋದಳು. ಹುಡುಗಿಯ ಮೇಲೆ ಸಿಟ್ಟು ಮಾಡುವುದಕ್ಕೆ ಏನೂ ಇರಲಿಲ್ಲ. ಅವಳು ಕಂಡದ್ದನ್ನೇ ಮಾಡಿದ್ದಳು. ಕಂಡದ್ದು ಅಷ್ಟು ಸರಿಯಾಗಿತ್ತಲ್ಲ, ಅದನ್ನೇ ವಿಠಲನಿಗೆ ತಡೆಯಲಾಗಲಿಲ್ಲ.

ಫೋಟೋ ತೆಗೆಯುತ್ತಿದ್ದ ಉಜ್ವಲ್ ಎಂಬ ವಿದ್ಯಾರ್ಥಿ ಕ್ಯಾಮೆರಾದಿಂದ ತಲೆಯೆತ್ತಿ ವಿನಯದಿಂದ ಹೇಳಿದ: "ಸ್ವಲ್ಪ ಹಿಂದೆ ಹೋಗ್ತೀರಾ? ನೀವು ಫ್ರೇಮಿಗೆ ಬರ್ತಾ ಇದ್ದೀರಿ. ಸ್ಟೂಲು ಮಾತ್ರ ಬೇಕಿತ್ತು."

ಇಪ್ಪತ್ತೆಂಟು ವರ್ಷ ಜನರನ್ನು ಸರಿಸಿದ ಮನುಷ್ಯ, ಸರಿದ. ಹಿಂದೆ, ಇನ್ನೂ ಹಿಂದೆ, ಬಾಗಿಲ ಪಕ್ಕದ ಗೋಡೆಗೆ ಬೆನ್ನು ತಾಗುವವರೆಗೆ ಹೋದ. ಅಲ್ಲಿಂದ ಹೊರಗೆ ಒಂದೇ ಹೆಜ್ಜೆ.

"ಮತ್ತೆ ಗಡ್ಡ ತೆಗೆದು ಬಂದಿದ್ದೀರಾ!"

ಬಾಗಿಲಲ್ಲಿ ಕಾನ್ಸೆಪ್ಟಾ ಟೀಚರ್ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಊರುಗೋಲಿನ ಹಾಗೆ ಕೊಡೆ ಊರಿದ್ದರು. ಎಲ್ಲರೂ ಬೆನ್ನು ತಿರುಗಿಸಿ ನಿಂತಿದ್ದ ಆ ಸಭಾಂಗಣದಲ್ಲಿ ಅವರು ಸ್ಟೂಲಿನ ಕಡೆ ಇನ್ನೂ ಕಣ್ಣೇ ಹಾಯಿಸಿರಲಿಲ್ಲ.

"ಬಿಡಬೇಕೂಂತ ಯಾರೂ ಹೇಳಲಿಲ್ಲ ಟೀಚರ್," ಎಂದ ವಿಠಲ.

ವಿಠಲನನ್ನು ಕರೆಯುವುದು ನಿಂತದ್ದನ್ನು ಅವರಿಗೂ ಯಾರೂ ಹೇಳಿರಲಿಲ್ಲವೇನೋ. ಟೀಚರ್ ಕೊಡೆಯನ್ನು ಗೋಡೆಗೆ ಒರಗಿಸಿ, ಚೀಲದಿಂದ ಒಂದು ಪೆನ್ನು ತೆಗೆದು, ಕೈಯುದ್ದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿದರು. ಹಣೆಯಿಂದ ಮೂಗು. ಮೂಗಿನಿಂದ ಗಲ್ಲ. ಎಡಗೆನ್ನೆಯ ಹತ್ತಿರ ಪೆನ್ನು ನಿಂತಿತು.

"ಇಲ್ಲಿ ಒಳಗೆ ಹೋಗಿದೆ," ಎಂದರು. "ರಾತ್ರಿ ಊಟ ಮಾಡುವುದಿಲ್ಲ, ಅಲ್ವಾ?"

ಒಬ್ಬನಿಗಾಗಿ ಎಂತ ಅಡುಗೆ ಎಂದು ಜುಲೈಯಿಂದ ಅವನು ರಾತ್ರಿ ಒಲೆ ಹಚ್ಚುವುದನ್ನೇ ಬಿಟ್ಟಿದ್ದ. ಅದು ಯಾರಿಗೂ ಗೊತ್ತಿರಲಿಲ್ಲ. ಉತ್ತರ ಹೇಳಲು ಬಾಯಿ ತೆರೆದ.

"ಅಲುಗಾಡಬೇಡಿ. ನಾನು ನೋಡ್ತಾ ಇದ್ದೇನೆ."

ವಿಠಲ ಬಾಯಿ ಮುಚ್ಚಿ ನಿಂತ. ಕಣ್ಣಿನಿಂದ ಇಳಿದದ್ದು ಒಳಹೋದ ಆ ಕೆನ್ನೆಯ ಮೇಲೆ ಹರಿದು ಬಿಳಿ ಅಂಗಿಯ ಕಾಲರಿಗೆ ಬಿತ್ತು. ಒರೆಸಿಕೊಳ್ಳಲು ಅವನು ಕೈ ಎತ್ತಲಿಲ್ಲ.