ಆದೆಪ್ಪನವರ ನಾಲ್ಕನೇ ರಾಜೀನಾಮೆ

೧

ಸೋತ ಮನುಷ್ಯನ ಕಥೆಯನ್ನು ಎಲ್ಲಿಂದ ಶುರು ಮಾಡಿದರೂ ಅವನಿಗೆ ಸಿಟ್ಟು ಬರುತ್ತದೆ. ಮೂರು ಡ್ರಾಫ್ಟ್ ಹರಿದ ಮೇಲೆ ನನಗೆ ಇದು ತಿಳಿಯಿತು.

ಮೊದಲನೆಯದು ಮತ ಎಣಿಕೆ ಕೇಂದ್ರದಿಂದ ಶುರುವಾಗಿತ್ತು. ಎಡೆದೊರೆ ರೈತ ಪಕ್ಷದ ಜಿಲ್ಲಾಧ್ಯಕ್ಷ ಆದೆಪ್ಪನವರು ರಾಯಚೂರಿನ ಬಿಸಿಲಿನಲ್ಲಿ ಗೇಟಿನ ಹೊರಗೆ ನಿಂತು, ಒಳಗಿನಿಂದ ಬರುವ ಒಬ್ಬೊಬ್ಬ ಏಜೆಂಟನ ಮುಖ ನೋಡುತ್ತ...

"ಅದನ್ನ ತಗದು ಹಾಕು," ಎಂದರು ಆದೆಪ್ಪನವರು. "ನಾ ಅಲ್ಲಿ ನಿಂತಿದ್ದು ಸ್ವಲ್ಪ ಹೊತ್ತು. ಆಮ್ಯಾಲೆ ಚಾ ಕುಡ್ಯಾಕ ಹೋದೆ."

ಎರಡನೆಯದು ಒಂದು ಪ್ರಶ್ನೆಯಿಂದ ಶುರುವಾಗಿತ್ತು: ಚುನಾವಣೆಯಲ್ಲಿ ಸೋತ ನಾಯಕ ರಾಜೀನಾಮೆ ಕೊಡಬೇಕೇ, ಬೇಡವೇ? ಬರೆದು ಓದಿದರೆ ಕಾಲೇಜಿನ ಚರ್ಚಾಸ್ಪರ್ಧೆಯ ವಿಷಯ ಇದ್ದ ಹಾಗಿತ್ತು. (ಪರವಾಗಿ ಮಾತಾಡಿದವರಿಗೆ ಸ್ಟೀಲ್ ಲೋಟ. ವಿರೋಧವಾಗಿ ಮಾತಾಡಿದವರಿಗೂ ಸ್ಟೀಲ್ ಲೋಟ.)

ಮೂರನೆಯದರಲ್ಲಿ ಸೂರ್ಯ ಮುಳುಗುತ್ತಿದ್ದ. ಸೋತವರ ಕಥೆ ಎಂದರೆ ಸಾಕು, ಈ ಸೂರ್ಯನಿಗೆ ಮುಳುಗುವ ಅವಸರ. ಅದನ್ನೂ ಹರಿದೆ.

ಆದ್ದರಿಂದ ಓದುಗರೇ, ಈ ಕಥೆಗೆ ಆರಂಭವಿಲ್ಲ, ಸುದ್ದಿ ಮಾತ್ರ ಇದೆ. ಜಿಲ್ಲಾ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷ ರಾಯಚೂರಿನಲ್ಲಿ ಸೋತಿದೆ, ಮಾನ್ವಿಯಲ್ಲಿ ಸೋತಿದೆ, ದೇವದುರ್ಗದಲ್ಲೂ ಸೋತಿದೆ. ದೇವದುರ್ಗದ ಅಭ್ಯರ್ಥಿ ಅಮರಮ್ಮ ಮಾತ್ರ ಕೂದಲೆಳೆಯ ಅಂತರದಲ್ಲಿ ಸೋತರು. ಉಳಿದವರು ಧಾರಾಳವಾಗಿ ಸೋತರು.

೨

ಆದೆಪ್ಪನವರ ಪಕ್ಷದಲ್ಲಿ ರಾಜೀನಾಮೆಗೆ ಒಂದು ಪದ್ಧತಿ ಇದೆ.

ಸೋತ ಕೆಲವೇ ದಿನಗಳಲ್ಲಿ ಅಧ್ಯಕ್ಷರು ರಾಯಚೂರಿನ ಪಕ್ಷದ ಕಚೇರಿಯಲ್ಲಿ ಸಭೆ ಕರೆಯುತ್ತಾರೆ. ಎದ್ದು ನಿಂತು ಜೇಬಿನಿಂದ ಪತ್ರ ತೆಗೆದು ಓದುತ್ತಾರೆ. "ನೈತಿಕ ಹೊಣೆ" ಎಂಬ ಮಾತು ಬರುವಷ್ಟರಲ್ಲಿ ವಲಿ ಪಾಷಾ ಕುರ್ಚಿ ಹಿಂದಕ್ಕೆ ತಳ್ಳಿ ಏಳುತ್ತಾರೆ. ಇವರು ಪಕ್ಷದ ಕಾರ್ಯದರ್ಶಿ, ಮಾನ್ವಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವರು. ಅವರು ಪತ್ರ ಕಸಿದು ಚೂರುಚೂರು ಮಾಡುತ್ತಾರೆ. ಅಮರಮ್ಮ ಕಣ್ಣಿಗೆ ಸೆರಗು ಒತ್ತಿಕೊಳ್ಳುತ್ತಾರೆ. ಕಲ್ಮಲದ ಕಾರ್ಯಕರ್ತನೊಬ್ಬ ರಸ್ತೆಗೆ ಅಡ್ಡ ಮಲಗುತ್ತಾನೆ, ಪೊಲೀಸರು ಬೇಸರವಿಲ್ಲದೆ ಅವನನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ಆಮೇಲೆ ಹಾರ, ಮಿರ್ಚಿ ಭಜಿ, ಚಹಾ. ಅಧ್ಯಕ್ಷರು ಅಧ್ಯಕ್ಷರಾಗಿಯೇ ಉಳಿಯುತ್ತಾರೆ. ಹೀಗೆ ಮೂರು ಸಲ ಆಗಿದೆ.

"ಇದನ್ನ ನಾಟಕ ಅಂತ ಬರೀಬ್ಯಾಡ," ಎಂದರು ಆದೆಪ್ಪನವರು. "ಸೋತ ಮನಿಗೆ ನಾಕ ಮಂದಿ ಬಂದು ಹೋಗಬೇಕಲ್ಲ. ಅಷ್ಟ ಇದು."

ಬರೆಯುವುದಿಲ್ಲ. ಆದರೆ ಅವರು ಹೇಳದ ಇನ್ನೊಂದನ್ನು ಬರೆಯುತ್ತೇನೆ. ಆ ಹುದ್ದೆ ಬಿಟ್ಟರೆ ತಾನು ಯಾರು ಎಂಬುದು ಆದೆಪ್ಪನವರಿಗೆ ಗೊತ್ತಿಲ್ಲ. ಮೀಸೆ ಕಪ್ಪಗಿದ್ದಾಗ ಅಧ್ಯಕ್ಷರಾದವರು, ಮೀಸೆಗೆ ಕಪ್ಪು ಹಚ್ಚುವ ಕಾಲ ಬಂದರೂ ಅಧ್ಯಕ್ಷರೇ. ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ ಯಾರೂ ಕಾಯುತ್ತಿಲ್ಲ ಎಂಬ ದಿನವನ್ನು ನೆನೆಸಿಕೊಂಡರೆ ಅವರಿಗೆ ನಿಜವಾಗಿ ಭಯವಾಗುತ್ತಿತ್ತು. ರಾಜೀನಾಮೆ ಕೊಡುವುದು ಅವರಿಗೆ ಇಷ್ಟ, ಅದು ಸ್ವೀಕಾರವಾಗುವುದು ಮಾತ್ರ ಬೇಡ.

೩

ಈ ಸಲ ಮೊಬೈಲು ನೋಡಿ ಶುಕ್ರವಾರ ಗೊತ್ತು ಮಾಡಿದರು. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು: ‘ಶುಕ್ರವಾರ ಬೆಳಿಗ್ಗೆ ಕಚೇರಿಯಲ್ಲಿ ರಾಜೀನಾಮೆ.’ ಪ್ರತಿ ಸಲ ಅಳುವ ಮುಖಗಳ ಸಾಲೇ ಬರುತ್ತಿತ್ತು. ಈ ಸಲ ಬರೀ ಜೋಡಿಸಿದ ಕೈಗಳು ಬಂದವು. ಭಕ್ತಿ ಹೆಚ್ಚಾಗಿದೆ ಎಂದುಕೊಂಡರು.

ಶುಕ್ರವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಚೇರಿಗೆ ಬಂದರೆ ರಸ್ತೆ ಖಾಲಿ. ಅರ್ಧ ಅಂಗಡಿಗಳಿಗೆ ಬೀಗ. ಬುಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡ ಹೆಂಗಸರನ್ನು ತುಂಬಿಕೊಂಡು ಒಂದು ಟ್ರ್ಯಾಕ್ಟರು ಹಾಡುತ್ತ ಹೋಯಿತು. ಒಳಗೆ ಸಾಲಾಗಿ ಹಾಕಿದ್ದ ಕುರ್ಚಿಗಳಲ್ಲಿ ಒಂದರ ಮೇಲೆ ಮಾತ್ರ ಮನುಷ್ಯ ಇದ್ದ, ಲೋಕಲ್ ಯೂಟ್ಯೂಬ್ ಚಾನಲ್ಲಿನ ಜಮೀರ್.

"ಲಗೂನ ಮುಗಸ್ರಿ ಸಾವ್ಕಾರ್ರ," ಎಂದ ಜಮೀರ್. "ದೋಸ್ತ ಹೊಲಕ್ಕ ಊಟಕ್ಕ ಕರದಾನ. ಎಳ್ಳಮಾಸಿ ಅಲ್ಲೇನ್ರಿ ಇವತ್ತ?"

ಆದೆಪ್ಪನವರು ಗೋಡೆಯ ಕ್ಯಾಲೆಂಡರು ನೋಡಿದರು: ಶುಕ್ರವಾರದ ಮನೆಯಲ್ಲಿ ಕಪ್ಪು ಚಂದ್ರ.

(ದೂರದ ಊರಿನ ಓದುಗರಿಗೆ ಒಂದು ಮಾತು. ಎಳ್ಳ ಅಮವಾಸ್ಯೆಯ ದಿನ ಈ ಸೀಮೆಯಲ್ಲಿ ಮನೆಯೊಳಗೆ ಯಾರೂ ಉಣ್ಣುವುದಿಲ್ಲ. ಹೊಲ ಇದ್ದವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಇಲ್ಲದವರನ್ನು ಇದ್ದವರು ಕರೆದೊಯ್ಯುತ್ತಾರೆ. ಮೊದಲು ಭೂತಾಯಿಗೆ ಎಡೆ, ಅದನ್ನೇ ಬೆಳೆಯ ಸುತ್ತ ಚೆಲ್ಲುವ ಚರಗ, ಆಮೇಲೆ ಎಲ್ಲರೂ ಕೂತು ಊಟ. ಆ ದಿನ ಪೇಟೆಯಲ್ಲಿ ಸಭೆ ಕರೆಯುವ ತಪ್ಪನ್ನು ಇಲ್ಲಿ ಯಾರೂ ಮಾಡುವುದಿಲ್ಲ. ರೈತ ಪಕ್ಷದ ಅಧ್ಯಕ್ಷರು ಮಾಡಿದರು.)

ಬೆಳಿಗ್ಗೆ ಹೆಂಡತಿ ಶರಣಮ್ಮ, "ನಾ ಮುಂದ ಹೋಗಿರ್ತೀನಿ, ನೀವು ಹಿಂದಿಂದ ಬರ್ರಿ," ಎಂದದ್ದು ಈಗ ನೆನಪಾಯಿತು. ಎಲ್ಲಿಗೆ ಎಂದು ಕೇಳದೆ, ಮೊಬೈಲಿನಿಂದ ತಲೆ ಎತ್ತದೆ "ಹೂಂ" ಅಂದಿದ್ದರು.

ಜಮೀರ್ ಮೈಕ್ ಹಿಡಿದ. ಬೇರೆ ದಾರಿ ಇರಲಿಲ್ಲ. "ನೈತಿಕ ಹೊಣೆ" ಬಂದಾಗ ರೂಢಿಯಂತೆ ನಿಲ್ಲಿಸಿದರು. ಯಾರೂ ಏಳಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ನೈತಿಕ ಹೊಣೆ" ಅಂದರು. ಫ್ಯಾನು ತಿರುಗುತ್ತಿತ್ತು.

"ಮುಗೀತೇನ್ರಿ?" ಎಂದ ಜಮೀರ್.

"ಹೂಂ."

೪

(ಈ ಭಾಗವನ್ನು ಆದೆಪ್ಪನವರ ಕೋರಿಕೆಯ ಮೇರೆಗೆ ಕೈಬಿಡಲಾಗಿದೆ. ಇದರಲ್ಲಿ ಅವರು ಖಾಲಿ ಕುರ್ಚಿಗಳ ನಡುವೆ ಕೂತು ಅತ್ತಿದ್ದರು.)

೫

"ಲೇ, ನೀ ಬೇಕಂತ್ಲೇ ಮಾಡಿದಿ," ಎಂದು ಆದೆಪ್ಪನವರು ನನ್ನ ಮೇಲೆ ಹರಿಹಾಯ್ದರು. "ನನ್ನ ನಗೆಪಾಟಲ ಮಾಡಾಕ ಎಳ್ಳಮಾಸಿ ದಿನಾನೇ ಇಟ್ಟಿ."

"ದಿನಾ ಹಿಡದಾವ್ರು ನೀವು," ಎಂದೆ.

"ಶನಿವಾರ ಮಾಡು. ಒಂದ ಶಬ್ದ ಬದಲಿ ಮಾಡಾಕ ನಿನ್ನ ಗಂಟೇನು ಹೋಗ್ತದ?"

"ಶನಿವಾರ ಮಾಡಿದ್ರ ಕಥೀನೇ ಇಲ್ರೀ."

"ನನ್ನ ಬಾಳಿಗಿಂತ ನಿನ್ನ ಕಥಿ ದೊಡ್ಡದೇನು?"

(ಇಂಥ ಪ್ರಶ್ನೆ ಬಂದಾಗ ನನ್ನಂಥ ಲೇಖಕರು ಫೋನ್ ರಿಂಗಾಗುವಂತೆ ಮಾಡುತ್ತಾರೆ.) ಫೋನ್ ರಿಂಗಾಯಿತು. ವಲಿ ಪಾಷಾ. ಬಾಯಿತುಂಬ ಭಜಿ, ದನಿಯಲ್ಲಿ ಅಳು.

"ಸಾವ್ಕಾರ್ರ, ಜಮೀರನ ವಿಡಿಯೋ ನೋಡಿದೆ. ನಿಮ್ಮ ಮೆಸೇಜ್ ಬಂದಾಗ್ಲೇ ನನಗ ತಿಳದಿತ್ತು ಬಿಡ್ರಿ. ಈ ಸಲ ಯಾರೂ ಅಡ್ಡ ಬರಬಾರ್ದಂತ್ಲೇ ಎಳ್ಳಮಾಸಿ ದಿನಾ ಹಿಡದೀರಿ. ಇಷ್ಟ ದಿನಾ ನಾ ಹರದಿದ್ದು ಬರೇ ಹಾಳಿ. ಇವತ್ತ ನೀವು ಖರೇ ಲೀಡರ್ ಆದ್ರಿ. ಯಾ ಅಲ್ಲಾ! ನಿಮ್ಮ ಹೊಲಕ್ಕ ಬರಾಕತ್ತೀವಿ, ಎಲ್ಲಾರೂ. ದೇವದುರ್ಗದಿಂದ ಅಮರಮ್ಮನೂ ಹೊಂಟಾಳ."

ಆದೆಪ್ಪನವರು ‘ಮರೆತಿದ್ದೆ’ ಎಂದು ಒಂದು ಮಾತು ಹೇಳಿದರೆ ರಾಜೀನಾಮೆ ಲೆಕ್ಕಕ್ಕಿಲ್ಲ, ಕುರ್ಚಿ ಉಳಿಯುತ್ತದೆ. ಆದರೆ ಎಳ್ಳ ಅಮವಾಸ್ಯೆ ಮರೆತ ರೈತ ನಾಯಕ ಎಂದು ಜಿಲ್ಲೆಯೆಲ್ಲ ನಗುತ್ತದೆ. ಸುಮ್ಮನಿದ್ದರೆ ಮಾನವಿದೆ, ಕುರ್ಚಿ ಇಲ್ಲ. ಓದುಗರೇ, ನಿಮ್ಮ ಚರ್ಚಾಸ್ಪರ್ಧೆಯಲ್ಲಿ ಈ ವಿಷಯ ಬಂದಿತ್ತೇ?

೬

ಆದೆಪ್ಪನವರು ಗುಂಜಹಳ್ಳಿಯ ತಮ್ಮ ಹೊಲಕ್ಕೆ ಬಂದರೆ ಬಿಳಿಜೋಳ ಎದೆಮಟ್ಟ ಬೆಳೆದು ತೆನೆಯಲ್ಲಿ ಹಾಲು ತುಂಬಿತ್ತು. ಯಾವಾಗ ಬಿತ್ತಿದರು ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಶರಣಮ್ಮ ಬನ್ನಿಗಿಡದ ಕೆಳಗೆ ಸಜ್ಜೆ ರೊಟ್ಟಿ, ಕಡಬು, ಪುಂಡಿಪಲ್ಯ, ಎಣ್ಣೆಗಾಯಿ ಹರವಿದ್ದರು.

"ಮರ್ತಿದ್ರಿ, ಹೌದಲ್ಲ?" ಎಂದರು ಮೆಲ್ಲಗೆ.

"ಸುಮ್ನಿರು."

ಆಗಲೇ ಜೀಪು, ಬೈಕುಗಳು ಬಂದವು. ಕಲ್ಮಲದ ಆ ಅಡ್ಡ ಮಲಗುವವನು ಈ ಸಲ ಉದ್ದಕ್ಕೆ ಮಲಗಿ ಕಾಲಿಗೆ ಬಿದ್ದ. ವಲಿ ಪಾಷಾ ತಬ್ಬಿಕೊಂಡರು. ಸೋತ ಮೇಲೆ ಆದೆಪ್ಪನವರನ್ನು ಯಾರೂ ಇಷ್ಟು ಗೌರವದಿಂದ ನೋಡಿರಲಿಲ್ಲ. ಗೆದ್ದಾಗ ನೋಡಿದ್ದರೋ ಎಂದರೆ, ಅವರು ಗೆದ್ದೇ ಇರಲಿಲ್ಲ. ಎಲ್ಲರ ಕೈ ಹಿಡಿದು ಕುಲುಕಿದರು, ಶರಣಮ್ಮನ ಕಡೆ ಮಾತ್ರ ನೋಡಲಿಲ್ಲ.

೭

ಇಲ್ಲಿ ಕಥೆ ಮುಗಿಸಬಹುದು. ಅಂತ್ಯಗಳು ರೆಡಿ ಇವೆ.

ಅಂತ್ಯ ಒಂದು: ಆದೆಪ್ಪನವರು ಬಾಯಿ ಬಿಡುವುದಿಲ್ಲ. ತ್ಯಾಗಮೂರ್ತಿ ಎಂದು ಬ್ಯಾನರ್ ಬೀಳುತ್ತದೆ. ಇದು ಆದೆಪ್ಪನವರಿಗೆ ಬಹಳ ಹಿಡಿಸಿತು. ಶರಣಮ್ಮ ಒಪ್ಪಲಿಲ್ಲ. "ಸುಳ್ಳು ಹೇಳಿದಾವ್ರ ಕಡಬಿಗೆ ನಾ ತುಪ್ಪಾ ಹಾಕಂಗಿಲ್ಲ," ಎಂದರು.

ಅಂತ್ಯ ಎರಡು: ಆದೆಪ್ಪನವರು ಒಪ್ಪಿಕೊಳ್ಳುತ್ತಾರೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ವಲಿ ಪಾಷಾ ಪತ್ರ ಹರಿಯುತ್ತಾರೆ, ಅಮರಮ್ಮ ಕಣ್ಣೊರೆಸಿಕೊಳ್ಳುತ್ತಾರೆ. ಇದಕ್ಕೆ ಅಮರಮ್ಮನೇ ತಕರಾರು ತೆಗೆದರು. "ನಿನ್ನ ಕಥಿಯಾಗ ನಾ ಬರೇ ಅಳೂದೇ ಆತು. ನನಗೂ ಒಂದ ಮಾತು ಕೊಡಪ್ಪಾ."

ಅಂತ್ಯ ಮೂರರಲ್ಲಿ ಮತ್ತೆ ಸೂರ್ಯ ಇದ್ದ. ಬಿಡಿ.

೮

ಮಾತು ಕೊಟ್ಟೆ.

ಅಮರಮ್ಮ ಎದ್ದು ಬಂದು ಆದೆಪ್ಪನವರ ಎದುರು ನಿಂತರು. "ಯಪ್ಪಾ, ಒಂದ ಕೇಳ್ತೀನಿ. ಮೂರು ಸಲಾನೂ ನಾ ಅತ್ತಿದ್ದು ಖರೇ ಅಲ್ಲ, ನಿಮಗೂ ಗೊತ್ತದ. ಇವತ್ತ ಜೀಪಿನ್ಯಾಗ ಬರಬೇಕಾರ ಖರೇನ ಅಳು ಬಂತು. ಹೇಳ್ರಿ, ಇದು ಖರೇ ರಾಜೀನಾಮೇನಾ?"

ಹೌದು ಎಂದರೆ ಮುಗಿಯುತ್ತಿತ್ತು. ನಾನು ‘ಹೌದು’ ಎಂದೇ ಬರೆದಿದ್ದೆ. ಆದೆಪ್ಪನವರು ಅದನ್ನು ಹೇಳಲಿಲ್ಲ.

"ಅಮರಮ್ಮಾ, ನಾ ಎಳ್ಳಮಾಸಿ ಮರ್ತಿದ್ದೆ."

ಯಾರೋ ಕಿಸಕ್ಕೆಂದರು. ವಲಿ ಪಾಷಾರ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ದೊಡ್ಡ ನಿರಾಳ. "ಅಯ್ಯ, ಹಂಗಾದ್ರ ಇದು ಲೆಕ್ಕಕ್ಕಿಲ್ಲ! ತರ್ರಿ ಇಲ್ಲಿ, ಹರದು ಒಗೀತೀನಿ," ಎಂದು ಕೈ ಚಾಚಿದರು. ಆದೆಪ್ಪನವರು ಪತ್ರವನ್ನು ಹಿಂದಕ್ಕೆಳೆದುಕೊಂಡು ಅಮರಮ್ಮನ ಕಡೆ ಚಾಚಿದರು.

"ಸೋತದ್ದಕ್ಕ ಬರದಿದ್ದೆ. ಸೋತದ್ದಕ್ಕ ಯಾರೂ ಕುರ್ಚಿ ಬಿಡಬೇಕಾಗಿಲ್ಲ, ಇವತ್ತ ಸೋತಾವ ನಾಳೆ ಗೆಲ್ತಾನ. ಆದ್ರ ರೈತರ ಪಕ್ಷದ ಅಧ್ಯಕ್ಷ ಆಗಿ ಎಳ್ಳಮಾಸಿ ಮರ್ತೆ ನೋಡು, ಅದಕ್ಕ ತೊಗೋ ಇದನ್ನ."

ಈಗ ಯಾರೂ ನಗಲಿಲ್ಲ. ಅಮರಮ್ಮ ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು ಪತ್ರದ ಇನ್ನೊಂದು ತುದಿ ಹಿಡಿದರು. ಅವರು ಎಳೆದುಕೊಳ್ಳಲಿಲ್ಲ, ಇವರು ಬಿಡಲಿಲ್ಲ.

"ಅಧ್ಯಕ್ಷರು ಯಾರರೆ ಆಗ್ರಿ," ಎಂದರು ಶರಣಮ್ಮ. "ಚರಗ ಚೆಲ್ಲೋ ಹೊತ್ತು ಮೀರಾಕತ್ತದ, ಮಂದಿ ಹಸದಾರ." ಚರಗದ ಬುಟ್ಟಿಯನ್ನು ಇಬ್ಬರ ನಡುವೆ ತಂದಿಟ್ಟರು. ಒಂದು ಹಿಡಿಕೆಯನ್ನು ಆದೆಪ್ಪನವರು ಹಿಡಿದರು, ಇನ್ನೊಂದನ್ನು ಅಮರಮ್ಮ. ಪತ್ರ ಮಾತ್ರ ಇಬ್ಬರ ಇನ್ನೊಂದು ಕೈಯಲ್ಲಿ ಹಾಗೇ ಇತ್ತು. ಚೆಲ್ಲುವುದಕ್ಕೆ ಕೈಯೇ ಉಳಿಯಲಿಲ್ಲವೆಂದು ವಲಿ ಪಾಷಾ ನಡುವೆ ನುಗ್ಗಿ ಹಿಡಿ ತುಂಬಿ ಚೆಲ್ಲತೊಡಗಿದರು.

ಈಗ ಯಾರಾದರೊಬ್ಬರು ಕೈ ಬಿಡಲೇಬೇಕು, ಯಾರು ಎಂದು ಹೇಳು ಎನ್ನುತ್ತೀರಿ. ನಾನು ಹೇಳುವುದಿಲ್ಲ. ನನಗೆ ಗೊತ್ತಿದ್ದರೆ ತಾನೆ? ಹೊಲ ಉದ್ದಕ್ಕಿದೆ, ಜೋಳದ ಬದುವಿನ ಮೇಲೆ ಮೂವರೂ ತಿರುಗಿಕೊಂಡು ಆಚೆ ಹೋದರು. ಇಲ್ಲಿಂದ ಕಾಣುವುದು ತೆನೆಗಳ ಮೇಲೆ ಮೂರು ತಲೆ ಮಾತ್ರ. ಆದೆಪ್ಪನವರು ಯಾವ ಬೆಳೆ ಯಾವಾಗ ಬಿತ್ತಬೇಕು ಎಂದು ಅಮರಮ್ಮನನ್ನು ಕೇಳುತ್ತಿದ್ದಾರೆ, ಅವರು ಹೇಳುತ್ತಿದ್ದಾರೆ.